ಸಕೀನಾ ಅಂದ್ರೆ ಯಾರು?

ರೇಡಿಯೊದಲ್ಲಿ ಹಮ್ಮಾಮಿನ ಸುದ್ದಿ ಮತ್ತೆ ಬಂದಾಗ ತಾಮೂಳ ಮುಂಗೈಯೆಲ್ಲ ಹಿಟ್ಟಾಗಿತ್ತು. ನಾದುವ ಕೈ ನಿಲ್ಲಲಿಲ್ಲ, ಕಿವಿ ಮಾತ್ರ ಅತ್ತ ಹೋಯಿತು. ಸೆಫ್ರೂ ಪಟ್ಟಣದ ಹಳೆಯ ಕೇರಿಯಲ್ಲಿರುವ ಹಮ್ಮಾಮು ಎಂಬ ಸಾರ್ವಜನಿಕ ಸ್ನಾನದ ಮನೆಯ ನೀರು ಕೆಟ್ಟಿದೆಯಂತೆ, ಮಕ್ಕಳ ಮೈಮೇಲೆ ಗುಳ್ಳೆ ಏಳುತ್ತಿವೆಯಂತೆ, ಹಾಗೆಂದು ಅಲ್ಲಿನ ನಿವಾಸಿಗಳು ಹೇಳುತ್ತಾರಂತೆ. ಒಂದು ವಾರದಿಂದ ಇದೇ ಸುದ್ದಿ.

ಸುದ್ದಿ ಓದುವವರ ಭಾಷೆಯಲ್ಲಿ ನಿವಾಸಿಗಳಿಗೆ ‘ಸಾಕಿನಾ’ ಎನ್ನುತ್ತಾರೆ. ಮನೆಯಲ್ಲಿ, ಬೀದಿಯಲ್ಲಿ ಯಾರೂ ಆ ಪದವನ್ನು ಬಳಸುವುದಿಲ್ಲ. ತಾಮೂಳ ಅತ್ತೆ ಬತ್ತೂಲ್‌ಗೆ ಕಿವಿ ಸ್ವಲ್ಪ ಮಂದ. ಗೋಡೆಗೊರಗಿ ಅವರೆಕಾಳು ಸುಲಿಯುತ್ತಿದ್ದ ಆಕೆಗೆ ಅದು ಹೆಂಗಸಿನ ಹೆಸರಾಗಿ ಕೇಳಿಸುತ್ತಿತ್ತು.

“ಯಾರೇ ಈ ಸಕೀನಾ?” ಎಂದಳು ಬತ್ತೂಲ್. “ಮೊನ್ನೆ ಬೀದಿನಾಯಿ ಕಾಟ ಅಂದ್ಲು. ಅದಕ್ಕೂ ಮುಂಚೆ ಮೆಕ್ನೆಸ್‌ನಲ್ಲಿ ರಸ್ತೆ ತುಂಬ ಗುಂಡಿ ಅಂದ್ಲು. ಈಗ ನಮ್ಮ ಹಮ್ಮಾಮಿಗೂ ಬಂದವಳೆ. ಗಂಡ ಮಕ್ಕಳು ಇಲ್ವಾ ಅವಳಿಗೆ? ಮನೇಲಿ ಅಡುಗೆ ಯಾರು ಮಾಡ್ತಾರೆ?”

ತಾಮೂಗೆ ನಗು ತಡೆಯಲಾಗಲಿಲ್ಲ. ಅದು ಹೆಸರಲ್ಲ ಲಲ್ಲಾ, ಊರಲ್ಲಿ ವಾಸ ಮಾಡುವವರಿಗೆ ಹಾಗನ್ನುತ್ತಾರೆ ಎಂದು ಬಿಡಿಸಿ ಹೇಳಿದಳು. ಅತ್ತೆಯನ್ನು ಅವಳು ಗೌರವದಿಂದ ಲಲ್ಲಾ ಎಂದೇ ಕರೆಯುತ್ತಿದ್ದಳು. ಮುದುಕಿ ಸಿಪ್ಪೆಯನ್ನು ಪಕ್ಕಕ್ಕೆ ತಳ್ಳಿ ಸೊಸೆಯನ್ನೇ ನೋಡಿದಳು.

“ವಾಸ ಮಾಡೋರು ನಾವಲ್ವಾ? ನನ್ನನ್ನ ಯಾರೂ ಕೇಳಿಲ್ಲ. ನಿನ್ನ ಕೇಳಿದ್ರಾ?”

“ಇಲ್ಲ ಲಲ್ಲಾ.”

“ಹಾಗಿದ್ರೆ ಸಕೀನಾನೇ ಇರಬೇಕು ಬಿಡು.”

ತಾಮೂ ಹಿಟ್ಟನ್ನು ಉಂಡೆ ಮಾಡಿ, ತಟ್ಟಿ, ಹಲಗೆಯ ಮೇಲೆ ಸಾಲಾಗಿಟ್ಟಳು. ಕೇರಿಯ ಒಲೆಯಲ್ಲಿ ಎಲ್ಲರ ಮನೆಯ ರೊಟ್ಟಿಯೂ ಒಟ್ಟಿಗೆ ಬೇಯುತ್ತದೆ, ಹಾಗಾಗಿ ಗುರುತಿಗೆಂದು ಒಂದೊಂದರ ನೆತ್ತಿಯ ಮೇಲೂ ಬೆರಳ ತುದಿಯಿಂದ ಎರಡು ಗುಳಿ ಒತ್ತಿದಳು. ಅತ್ತೆಯ ಮಾತು ತಮಾಷೆಯದೇ. ಆದರೂ ಹಲ್ಲಿನ ಸಂದಿಗೆ ಸಿಕ್ಕ ಎಳ್ಳಿನಂತೆ ಅದು ಒಳಗೆ ಉಳಿದುಕೊಂಡಿತು. ನಿಜವಾಗಿ, ಯಾರು ಹೇಳಿದ್ದು?

ಇದನ್ನು ತಿಳಿದುಕೊಳ್ಳಬೇಕು ಅನ್ನಿಸಲು ಅವಳಿಗೆ ಕಾರಣವಿತ್ತು. ಹದಿನೈದು ದಿನದ ಹಿಂದೆ ಅವಳ ಮಗಳು ರೀಮ್‌ಳ ತೋಳು, ಕುತ್ತಿಗೆಯ ಮೇಲೆಲ್ಲ ಕೆಂಪು ಗುಳ್ಳೆ ಎದ್ದಿದ್ದವು. ಹಿಂದಿನ ದಿನವಷ್ಟೇ ತಾಯಿ ಮಗಳು ಹಮ್ಮಾಮಿಗೆ ಹೋಗಿ ಬಂದಿದ್ದರು. ಆರೋಗ್ಯ ಕೇಂದ್ರದ ನರ್ಸ್ ನೋಡಿ, ಮಗು ಅಂಜೂರದ ಮರ ಹತ್ತಿತ್ತಾ ಎಂದು ಕೇಳಿದಳು. ಹತ್ತಿತ್ತು. ಎಲೆ ಮುರಿದಾಗ ಒಸರುವ ಹಾಲು ಚರ್ಮಕ್ಕೆ ತಾಗಿ ಅದರ ಮೇಲೆ ಬಿಸಿಲು ಬಿದ್ದರೆ ಹೀಗೇ ಆಗುತ್ತದೆ ಎಂದು ಮುಲಾಮು ಕೊಟ್ಟು ಕಳಿಸಿದಳು. ತಾಮೂ ಆ ಮಾತನ್ನು ಒಪ್ಪಿದ್ದಳು. ಆಮೇಲೆ ರೇಡಿಯೊದಲ್ಲಿ ಸುದ್ದಿ ಬಂತು. ಒಬ್ಬ ನರ್ಸ್ ಹೇಳಿದ್ದಕ್ಕಿಂತ ಊರಿಗೆ ಊರೇ ಹೇಳಿದ್ದು ದೊಡ್ಡದಲ್ಲವೇ? ನೋಡಿ, ನನ್ನ ಮಗಳಿಗೆ ಒಬ್ಬಳಿಗೇ ಅಲ್ಲ ಎಂದು ಅಕ್ಕಪಕ್ಕದವರಿಗೆಲ್ಲ ಮೊದಲು ಹೇಳಿದವಳೇ ತಾಮೂ. ಅಂದಿನಿಂದ ಹಮ್ಮಾಮಿನ ಕಡೆ ಕಾಲಿಟ್ಟಿರಲಿಲ್ಲ.

ಕಾಲಿಡದಿದ್ದಕ್ಕೆ ಅವಳಿಗೇ ನಷ್ಟ. ಗುರುವಾರದ ಮಧ್ಯಾಹ್ನ ಒಂದೇ ಅವಳ ಪಾಲಿಗೆ ಉಳಿದಿದ್ದ ಹೊತ್ತು. ಆ ಹಬೆಯಲ್ಲಿ ಕೂತರೆ ಯಾರೂ ನೀರು ಕೊಡು, ಚಹಾ ಕೊಡು ಎನ್ನುತ್ತಿರಲಿಲ್ಲ.

ರೊಟ್ಟಿಯ ಹಲಗೆ ತಲೆಯ ಮೇಲಿಟ್ಟುಕೊಂಡು ಹೊರಟವಳು ದಾರಿಯಲ್ಲಿ ಒಂದೊಂದೇ ಬಾಗಿಲಲ್ಲಿ ನಿಂತು ಕೇಳಿದಳು. ಹಮ್ಮಾಮಿನ ವಿಷಯ ನಿಮಗೆ ಯಾರು ಹೇಳಿದ್ದು? ಎಲ್ಲರದೂ ಒಂದೇ ಉತ್ತರ: ರೇಡಿಯೊ. ಗುಳ್ಳೆಯೆದ್ದ ಮಕ್ಕಳು ಇನ್ನೆರಡು ಮನೆಯಲ್ಲಿದ್ದರು. ಹೊಳೆಯ ದಡದ ಅಂಜೂರದ ಮರ ಹತ್ತಿದವರಲ್ಲಿ ಅವರೂ ಇದ್ದರು. ಅದರಲ್ಲಿ ಒಬ್ಬ ಹುಡುಗ ಹಮ್ಮಾಮಿಗೆ ಹೋಗಿಯೇ ಇರಲಿಲ್ಲ. ರೇಡಿಯೊದವರು ಬಂದು ಕೇಳಿದರೇ ಎಂದರೆ, ನಮ್ಮಂಥವರನ್ನು ಯಾರು ಕೇಳುತ್ತಾರೆ ಎಂದು ಆ ತಾಯಂದಿರು ನಕ್ಕರು.

ಹಮ್ಮಾಮಿನ ಮುಂದೆ ದಾಟುವಾಗ ತಾಮೂ ತಲೆ ತಗ್ಗಿಸಿದಳು. ಹೆಂಗಸರ ಕಡೆಯನ್ನು ನೋಡಿಕೊಳ್ಳುವ ಯಾಮ್ನಾ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಎಷ್ಟೋ ವರ್ಷದಿಂದ ಕೇರಿಯ ಹೆಂಗಸರ ಬೆನ್ನು ಉಜ್ಜಿ, ಅವರ ಗುಟ್ಟುಗಳನ್ನು ನೀರಿನ ಜೊತೆ ಹರಿಯಬಿಟ್ಟು, ಒಂದನ್ನೂ ಹೊರಗೆ ಆಡದ ಹೆಂಗಸು. ಆಕೆಯೇ ಕರೆದಳು.

“ಮಗು ಮೈ ಹೇಗಿದೆಯೇ ತಾಮೂ?”

ವಾಸಿಯಾಗಿದೆ ಎಂದಳು ತಾಮೂ.

“ನಿನ್ನ ಮದುವೆ ಹಿಂದಿನ ದಿನ ನಿನ್ನ ಮೈ ಉಜ್ಜಿದ್ದು ಇದೇ ಕೈ. ಆಗ ನೀರು ಚೆನ್ನಾಗಿತ್ತು, ಅಲ್ವಾ?” ಯಾಮ್ನಾ ನಗುತ್ತಲೇ ಕೇಳಿದಳು. ನಗು ಕಣ್ಣಿನವರೆಗೆ ಬರಲಿಲ್ಲ. ಹೆಂಗಸರು ಹೀಗೇ ಬಾರದಿದ್ದರೆ ಈ ತಿಂಗಳ ಕೊನೆಗೆ ಹೆಂಗಸರ ಕಡೆಗೆ ಬೀಗ ಹಾಕುತ್ತೇನೆಂದು ಮಾಲೀಕರು ಹೇಳಿದ್ದಾರೆ ಎಂದಳು. ಬೀಗ ಬಿದ್ದರೆ ಅವಳ ಹೊಟ್ಟೆಪಾಡೂ ಹೋದಂತೆ.

ತಾಮೂ ರೊಟ್ಟಿಯನ್ನು ಒಲೆಯವನಿಗೆ ಒಪ್ಪಿಸಿ, ಮನೆಗೆ ಹೋಗದೆ ಮಹಡಿಯ ಲುಬ್ನಾಳ ಬಾಗಿಲು ತಟ್ಟಿದಳು. ಲುಬ್ನಾ ಫೆಸ್‌ನ ಒಂದು ರೇಡಿಯೊದಲ್ಲಿ ಬಹಳ ಕಾಲ ಸುದ್ದಿ ಓದಿದವಳು. ಈಗ ಮಹಿಳಾ ಸಂಘದಲ್ಲಿ ಹೆಂಗಸರಿಗೆ ಓದು ಬರಹ ಕಲಿಸುತ್ತಾಳೆ. ಸಕೀನಾಳ ಕಥೆ ಕೇಳಿ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸುದ್ದಿ ಓದುವಾಗ ಆ ಹೆಂಗಸನ್ನು ತಾನೂ ಊರೂರಿಗೆ ಕಳಿಸಿದ್ದೇನೆ ಎಂದಳು. ಆಮೇಲೆ, ರೇಡಿಯೊದವರು ಅದೇ ಸುದ್ದಿಯನ್ನು ಬರೆದೂ ಹಾಕುತ್ತಾರೆ, ನೋಡೋಣ ಎಂದು ಫೋನಿನಲ್ಲಿ ಹುಡುಕಿ ಗಟ್ಟಿಯಾಗಿ ಓದಿದಳು. ಹಳೆಯ ಕೇರಿಯನ್ನು ಯಾರೂ ಕೇಳುವವರಿಲ್ಲ ಎಂದು ಮೊದಲಾಗಿ, ಪಾಚಿ ಕಟ್ಟಿದ ಗೋಡೆ, ಕತ್ತಲೆ ಓಣಿ ಎಲ್ಲ ಬಂತು. ಕೊನೆಗೆ ಹೀಗಿತ್ತು: “ನಮ್ಮ ಮಕ್ಕಳ ಮೈ ಬಿಡಿಸಿಟ್ಟ ದಾಳಿಂಬೆಯಂತಾಗಿದೆ ಎನ್ನುತ್ತಾರೆ ನಿವಾಸಿಗಳು.”

ತಾಮೂಳ ಕೈ ತಾನಾಗಿ ಬಾಯಿಗೆ ಹೋಯಿತು. ಒಲೆಯ ಮುಂದಿನ ನೂರು ರೊಟ್ಟಿಗಳ ನಡುವೆ ತನ್ನದನ್ನು ಗುರುತಿಸಿದಷ್ಟೇ ಸಲೀಸಾಗಿ ಆ ಮಾತನ್ನು ಗುರುತಿಸಿದಳು. ಬಿಡಿಸಿಟ್ಟ ದಾಳಿಂಬೆ. ಅದು ಅವಳ ಮಾತು. ತಾಯಿಯ ಬಾಯಿಂದ ಕಲಿತ ಮಾತು.

ಆಗ ಎಲ್ಲ ನೆನಪಾಯಿತು. ರೀಮ್‌ಗೆ ಗುಳ್ಳೆ ಎದ್ದ ದಿನ, ನರ್ಸ್‌ನ ಬಳಿ ಹೋಗುವ ಮೊದಲೇ, ಒಲೆಯ ಹತ್ತಿರ ಒಬ್ಬ ಯುವಕ ಮಾತಿಗೆ ನಿಂತಿದ್ದ. ಮೈಕು ಏನೂ ಇರಲಿಲ್ಲ, ಕೈಯಲ್ಲೊಂದು ಫೋನು. ಕೇರಿಯ ಕಷ್ಟ ಸುಖ ಕೇಳಿದ. ಇವಳು ಮಗಳ ಮೈ ಬಿಡಿಸಿಟ್ಟ ದಾಳಿಂಬೆಯಂತಾಗಿದೆ ಎಂದಳು. ನಿನ್ನೆ ಹಮ್ಮಾಮಿಗೆ ಹೋಗಿದ್ದೆವು ಎಂದಾಗ ಅವನ ಮುಖ ಅರಳಿತು. ಅಲ್ಲಿ ನೀರು ಹೇಗಿರುತ್ತೆ, ಚೊಕ್ಕಟ ಇರಲ್ಲ ಅಲ್ವಾ ಎಂದ. ಇವಳು, ಏನು ಚೊಕ್ಕಟವೋ ಏನೋ ಎಂದಳು. ಅವನು ತಲೆಯಾಡಿಸಿದ. ತಾನು ಹೇಳುವುದನ್ನು ಒಬ್ಬರು ಹೀಗೆ ಎವೆಯಿಕ್ಕದೆ ಕೇಳಿ ಎಷ್ಟು ಕಾಲವಾಗಿತ್ತು. ಗಂಡ ಅರ್ಧಕ್ಕೇ ಎದ್ದು ಹೋಗುತ್ತಾನೆ, ಅತ್ತೆಗೆ ಕಿವಿ ಮಂದ. ಅವನು ಕೇಳುತ್ತಾ ಹೋದಂತೆ ಒಂದು ಮಗುವಿನ ಗುಳ್ಳೆ ಮಕ್ಕಳ ಗುಳ್ಳೆಯಾಯಿತು. ತಾನಾಡಿದ್ದು ಸುಳ್ಳೆಂದು ಆಗ ಅವಳಿಗೆ ಅನ್ನಿಸಿರಲೇ ಇಲ್ಲ. ಹೊಟ್ಟೆಯೊಳಗಿನ ಭಾರ ಇಳಿದಂತೆ ಮಾತ್ರ ಅನ್ನಿಸಿತ್ತು.

“ಲುಬ್ನಾ, ಸಕೀನಾ ನಾನೇ ಕಣೇ.”

ಲುಬ್ನಾ ಈ ಸಲ ನಗಲಿಲ್ಲ. ಚಹಾ ಬಗ್ಗಿಸಿ ಅವಳ ಮುಂದಿಟ್ಟಳು.

ತಾನೇ ಆಡಿದ ಮಾತು ತನಗೇ ತಿರುಗಿ ಬಂದಾಗ ಅದನ್ನು ಊರ ಮಾತೆಂದು ನಂಬಿದೆನಲ್ಲ ಎಂಬುದು ತಾಮೂಗೆ ಅರಗಲಿಲ್ಲ. ನಾನು ಒಬ್ಬಳು, ನಿವಾಸಿಗಳು ಹೇಗಾದೆ ಎಂದು ಕೇಳಿದಳು.

“ಒಬ್ಬಳು ಹೇಳಿದ್ಲು ಅಂದ್ರೆ ಅದು ಹರಟೆ. ನಿವಾಸಿಗಳು ಹೇಳ್ತಾರೆ ಅಂದ್ರೆ ಸುದ್ದಿ,” ಎಂದಳು ಲುಬ್ನಾ. “ಅವನು ಬರುವಾಗ್ಲೇ ತಲೇಲಿ ಒಂದು ಕಥೆ ಇಟ್ಕೊಂಡು ಬಂದಿದ್ದ. ಹಾಳುಬಿದ್ದ ಕೇರಿ, ಕೊಳಕು ನೀರು, ಪಾಪದ ಮಕ್ಕಳು. ನಿನ್ನ ದಾಳಿಂಬೆ ಅದರೊಳಗೆ ಸರಿಯಾಗಿ ಕೂತ್ಕೊಂಡ್ತು. ಇಲ್ಲದ್ದನ್ನ ಹುಟ್ಟಿಸಲಿಲ್ಲ ಅವನು, ನೀನು ಹೇಳಿದ್ದನ್ನೇ ಬರೆದ. ಆದ್ರೆ ಇನ್ನೊಂದು ಬಾಗಿಲು ತಟ್ಟಲಿಲ್ಲ. ಯಾಮ್ನಾನ ಕೇಳಲಿಲ್ಲ, ನರ್ಸ್‌ನ ಕೇಳಲಿಲ್ಲ.”

“ಹಾಗಾದ್ರೆ ರೇಡಿಯೊ ಹೇಳೋದೆಲ್ಲ ಹೀಗೇ. ಇವತ್ತೇ ತೆಗೆದು ಅಟ್ಟದ ಮೇಲೆ ಹಾಕ್ತೀನಿ.”

“ಹೋದ ಚಳಿಗಾಲದಲ್ಲಿ ಹೊಳೆ ಉಕ್ಕಿದಾಗ ಸೇತುವೆ ದಾಟಬೇಡಿ ಅಂದಿದ್ದು ಯಾರು? ಇದೇ ರೇಡಿಯೊ. ನಿನ್ನ ಗಂಡ ಆವತ್ತು ಕೆಲಸಕ್ಕೆ ಹೋಗದೆ ಉಳಿದ. ಎಲ್ಲಾನೂ ನಂಬೋದು ಸುಲಭ, ತಾಮೂ. ಏನನ್ನೂ ನಂಬದೆ ಇರೋದು ಇನ್ನೂ ಸುಲಭ. ಎರಡರಲ್ಲೂ ವಿಚಾರಿಸೋ ಕೆಲಸ ತಪ್ಪುತ್ತೆ.”

ನೀರು ನಿಜವಾಗಿಯೂ ಕೆಟ್ಟಿರಬಾರದೆಂದೇನಿಲ್ಲ, ಅದನ್ನೂ ಊಹಿಸುವುದು ಬೇಡ ಎಂದು ಲುಬ್ನಾ ಆರೋಗ್ಯ ಕೇಂದ್ರಕ್ಕೆ ಫೋನು ಮಾಡಿದಳು. ಸುದ್ದಿ ಬಂದ ಮರುದಿನವೇ ನೀರಿನ ಪರೀಕ್ಷೆ ಆಗಿತ್ತು, ದೋಷವೇನೂ ಸಿಕ್ಕಿರಲಿಲ್ಲ. ಅದನ್ನು ರೇಡಿಯೊದವರು ಕೇಳಿದರೇ ಎಂದರೆ, ಇಲ್ಲ, ಯಾರೂ ಕೇಳಲಿಲ್ಲ ಎಂದಳು ನರ್ಸ್. ಕೇಳಿದ್ದರೆ ಹೇಳುತ್ತಿದ್ದೆ.

ಸುದ್ದಿ ತಪ್ಪಾಗಿದ್ದರೆ ತಿದ್ದಿ ಹೇಳಿ ಎಂದು ಯಾರು ಬೇಕಾದರೂ ರೇಡಿಯೊದವರನ್ನು ಕೇಳಬಹುದು, ಒಳ್ಳೆಯ ಸುದ್ದಿಮನೆಯವರು ಅದಕ್ಕೆ ಬೇಸರಪಡುವುದಿಲ್ಲ ಎಂದೂ ಲುಬ್ನಾ ತಿಳಿಸಿದಳು. ಆದರೆ ಹೆಸರು ಹೇಳಿ ಮಾತಾಡಿದರೇ ಅದಕ್ಕೆ ತೂಕ. ಹೆಸರು ಹೇಳಿದರೆ ಕೇರಿಗೆಲ್ಲ ಗೊತ್ತಾಗುತ್ತದೆ. ಯೋಚಿಸು ಎಂದಳು.

ತಾಮೂ ಬಿಸಿ ರೊಟ್ಟಿ ಹೊತ್ತು ಮನೆಗೆ ಬಂದಳು. ಅತ್ತೆಗೆ ಅಂಜೂರದ ಹಾಲಿನ ವಿಷಯ, ನೀರಿನ ಪರೀಕ್ಷೆಯ ವಿಷಯ ಎರಡನ್ನೂ ಹೇಳಿದಳು. ಮುದುಕಿ ಮೊದಲು ಒಪ್ಪಲಿಲ್ಲ. ರೇಡಿಯೊದವರು ಅಷ್ಟು ಓದಿದವರು, ಹಾಗೆ ಹೇಳುತ್ತಾರೆಯೇ ಎಂದಳು. ಹಮ್ಮಾಮಿಗೆ ಹೋಗದ ಹುಡುಗನಿಗೂ ಗುಳ್ಳೆ ಎದ್ದದ್ದು ಹೇಗೆ ಲಲ್ಲಾ ಎಂದು ತಾಮೂ ಕೇಳಿದ ಮೇಲೆ ದಾರಿಗೆ ಬಂದಳು.

“ಹಾಗಾದ್ರೆ ಆ ಸಕೀನಾ ಸುಮ್ಮನೆ ಬಾಯಿ ಹಾಕಿದ್ಲು ಅನ್ನು.”

“ಅವಳು ಅಷ್ಟು ಕೆಟ್ಟವಳೇನಲ್ಲ ಲಲ್ಲಾ.”

“ನಿಂಗೆ ಹೇಗೆ ಗೊತ್ತು?”

ತಾಮೂ ರೊಟ್ಟಿ ಮುರಿದು ಅತ್ತೆಯ ಮುಂದಿಟ್ಟಳು. ಬತ್ತೂಲ್ ತೀರ್ಮಾನ ಹೇಳಿಬಿಟ್ಟಳು: ಈ ಗುರುವಾರ ನಾನಂತೂ ಹಮ್ಮಾಮಿಗೆ ಹೋಗುವವಳೇ, ಎದುರು ಮನೆಯವರನ್ನೂ ಎಳಕೊಂಡು ಹೋಗುತ್ತೇನೆ, ಈ ವಯಸ್ಸಲ್ಲಿ ನನಗೇನು ಗುಳ್ಳೆ. ತಾಮೂಳ ಗಂಡ ಬಂದಾಗ ಅವನಿಗೂ ಮುದುಕಿಯೇ ವರದಿ ಒಪ್ಪಿಸಿದಳು.

ಪಾತ್ರೆ ತೊಳೆಯುವಾಗ ತಾಮೂ ಒಬ್ಬಳೇ ಇದ್ದಳು. ಅತ್ತೆ ಹೋದರೆ ನಾಲ್ಕು ಹೆಂಗಸರು ಬಂದಾರು, ರೇಡಿಯೊ ಕೇಳಿದ ಉಳಿದ ನೂರು ಮಂದಿಗೆ ಯಾರು ಹೇಳುವುದು? ತಾನಾಡಿದ ಮಾತು ಹೋದಷ್ಟು ದೂರ ತಿದ್ದಿದ ಮಾತೂ ಹೋಗಬೇಕು. ನಾಳೆ ರೀಮ್‌ಳನ್ನು ಶಾಲೆಗೆ ಬಿಟ್ಟು ಹಾಗೇ ಫೆಸ್ ಕಡೆಗೆ ಹೋಗುವ ಬಸ್ಸು ಹತ್ತುವುದು. ಅಲ್ಲಿನ ರೇಡಿಯೊ ಕಚೇರಿಯಲ್ಲಿ ತನ್ನ ಹೆಸರು, ತಂದೆಯ ಹೆಸರು, ಮನೆಯಿರುವ ಓಣಿ, ಎಲ್ಲವನ್ನೂ ಹೇಳುವುದು. ಕೇರಿಗೆಲ್ಲ ಗೊತ್ತಾಗುವುದು ಖಂಡಿತ. ಆದರೂ ಮನಸ್ಸು ಹಿಂದೆ ಸರಿಯಲಿಲ್ಲ. ಈ ತೀರ್ಮಾನವನ್ನು ಲುಬ್ನಾಗೂ ಅವಳು ಹೇಳಲಿಲ್ಲ.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಓದಿಸಿ ಕೇಳುತ್ತಿರುವ ತಾಯಂದಿರೇ, ಸುದ್ದಿ ನಮಗೆ ಬೇಕು. ಹೊಳೆ ಉಕ್ಕುವುದು, ಔಷಧಿ ಬರುವುದು, ನಮ್ಮ ಹಣ ಎಲ್ಲಿ ಹೋಗುತ್ತದೆ ಎಂಬುದು ಸುದ್ದಿಯಿಂದಲೇ ನಮಗೆ ತಿಳಿಯುವುದು. ಅದಕ್ಕೇ ಅದನ್ನು ಪ್ರಶ್ನೆ ಕೇಳಿ ನಂಬಿ. ಜನ ಹೇಳುತ್ತಾರೆ ಎಂದಾಗ ಯಾವ ಜನ, ಎಷ್ಟು ಜನ ಎಂದು ಕೇಳಿ. ದೂರು ಯಾರ ಮೇಲಿದೆಯೋ ಅವರ ಮಾತು ಅಲ್ಲಿದೆಯೇ ಎಂದು ಹುಡುಕಿ. ಇನ್ನೊಬ್ಬರಿಗೆ ದಾಟಿಸುವ ಮೊದಲು ಒಂದು ಬಾಗಿಲನ್ನಾದರೂ ತಟ್ಟಿ ನೋಡಿ. ಯಾರಾದರೂ ನಿಮ್ಮ ಮುಂದೆ ಫೋನು ಹಿಡಿದು, ತಲೆಯಾಡಿಸುತ್ತಾ ನಿಮ್ಮ ಮಾತು ಕೇಳುವ ದಿನ ಬಂದರೆ, ಕಂಡದ್ದನ್ನು ಕಂಡಷ್ಟೇ ಹೇಳಿ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎನ್ನಿ. ಆ ಮಾತಿನ ಮೇಲೆ ಯಾರೋ ಒಬ್ಬರ ಬಾಗಿಲು ತೆರೆದಿರುವುದೋ ಮುಚ್ಚುವುದೋ ನಿಂತಿರುತ್ತದೆ.