ನಾಲ್ಕನೆಯ ಲಕ್ಷಣ

ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ ಹಾಸುಬಟ್ಟೆ ಒಗೆದು ಮಡಿಸಿದ ದೊಡ್ಡಕ್ಕ ನಲವತ್ತೇಳನೆಯ ವಯಸ್ಸಿಗೆ ಪದವಿಯ ಕೊನೆಯ ಪರೀಕ್ಷೆ ಬರೆದು ಎರಡೇ ಎರಡು ಅಂಕಕ್ಕೆ ಫೇಲಾದಳು. ಫೇಲಾದ ವಿಷಯದ ಹೆಸರು ‘ಉದಾರ ಶಿಕ್ಷಣ’. ಮನುಷ್ಯ ಹೊಟ್ಟೆಪಾಡಿಗಾಗಿ ಮಾತ್ರ ಓದಬಾರದು, ತನ್ನ ತಲೆಯಿಂದ ತಾನೇ ಯೋಚಿಸುವುದನ್ನೂ ಕಲಿಯಬೇಕು ಎಂದು ವಿಶ್ವವಿದ್ಯಾಲಯ ಎಲ್ಲರಿಗೂ ಕಡ್ಡಾಯ ಮಾಡಿದ್ದ ವಿಷಯ. ಕಡ್ಡಾಯ ಮಾಡಿದವರಲ್ಲಿ ಒಬ್ಬರೂ ಅದನ್ನು ಕಲಿತವರಲ್ಲ, ಆ ಮಾತು ಬೇರೆ.

ಲಾಂಡ್ರಿಯ ಹದಿನೆಂಟು ಹೆಂಗಸರಿಗೆ ಸಂಜೆಯ ತರಗತಿ ಶುರುವಾಗುವುದಿತ್ತು. ವಯಸ್ಕರ ಶಿಕ್ಷಣ ವಿಭಾಗ ಒಪ್ಪಿತ್ತು, ಆಸ್ಪತ್ರೆಯವರು ಬಟ್ಟೆ ಮಡಿಸುವ ಕೋಣೆಯನ್ನು ಬಿಟ್ಟುಕೊಟ್ಟಿದ್ದರು. ಪಾಠ ಹೇಳುವವರಿಗೆ ಪದವಿ ಇರಬೇಕೆಂಬುದೊಂದೇ ನಿಯಮ. ದೊಡ್ಡಕ್ಕನೇ ಬೇಕೆಂದು ಹೆಂಗಸರೆಲ್ಲ ಪಟ್ಟು ಹಿಡಿದಿದ್ದರು. ಅವಳೂ ಜನ್ಮದಲ್ಲಿ ಇನ್ನಾವ ಕೆಲಸಕ್ಕೂ ಅಷ್ಟು ಆಸೆಪಟ್ಟಿರಲಿಲ್ಲ.

ಉತ್ತರಪತ್ರಿಕೆ ತೋರಿಸಿ ಎಂದು ಅರ್ಜಿ ಹಾಕಿದಳು. ಪರೀಕ್ಷಾ ವಿಭಾಗದ ಗುಮಾಸ್ತ ಮೂರು ವಾರ ಅಲೆಸಿ, ಕೊನೆಗೊಂದು ದಿನ ಅವಳ ಉತ್ತರಪತ್ರಿಕೆಯನ್ನೂ ಅಂಕ ಹಾಕುವ ಮೇಷ್ಟ್ರುಗಳಿಗೆ ಕೊಡುವ ಮಾದರಿ ಉತ್ತರವನ್ನೂ ಮುಂದೆ ತಳ್ಳಿದ. ಉದಾರ ಶಿಕ್ಷಣದ ಐದು ಲಕ್ಷಣಗಳನ್ನು ಬರೆಯಿರಿ ಎಂಬುದು ಪ್ರಶ್ನೆ. ಮಾದರಿ ಉತ್ತರ ಹೀಗಿತ್ತು: ಒಂದು, ಮನಸ್ಸನ್ನು ವಿಶಾಲಗೊಳಿಸುತ್ತದೆ. ಎರಡು, ಪೂರ್ವಗ್ರಹಗಳನ್ನು ನೀಗಿಸುತ್ತದೆ. ಮೂರು, ಪ್ರಶ್ನಿಸುವ ಗುಣವನ್ನು ಬೆಳೆಸುತ್ತದೆ. ನಾಲ್ಕು, ತಂಪಾದ ಒಣ ಜಾಗದಲ್ಲಿ ಇಡಬೇಕು. ಐದು, ಒಳ್ಳೆಯ ನಾಗರಿಕರನ್ನು ರೂಪಿಸುತ್ತದೆ.

ದೊಡ್ಡಕ್ಕ ನಾಲ್ಕನೆಯದನ್ನು ಎರಡು ಸಲ ಓದಿದಳು. ಆಸ್ಪತ್ರೆಯ ಔಷಧಿ ಬಾಟಲಿಗಳ ಮೇಲೆಲ್ಲ ಇರುವ ಸಾಲು ಅದು. ಗುಮಾಸ್ತ ಹಲ್ಲು ಕಿರಿದ. ಹನ್ನೊಂದು ವರ್ಷದ ಹಿಂದೆ ಔಷಧಿ ಉಗ್ರಾಣದ ಡಿಪ್ಲೊಮಾ ಪರೀಕ್ಷೆಯ ಮಾದರಿ ಉತ್ತರವೂ ಇದೂ ಒಂದೇ ಮೇಜಿನ ಮೇಲೆ ಟೈಪಾದವಂತೆ, ಅಲ್ಲಿಯ ಸಾಲೊಂದು ಇಲ್ಲಿಗೆ ಬಂತಂತೆ. ಇಷ್ಟು ವರ್ಷ ಯಾರೂ ಕೇಳಲಿಲ್ಲವೇ ಎಂದಳು. ಕೇಳುವವರು ಮೊದಲು ಓದಿರಬೇಕಲ್ಲಮ್ಮ ಎಂದು ಅವನು ಎಲೆ ತಿರುವಿದಷ್ಟು ಸಲೀಸಾಗಿ ಹೇಳಿಬಿಟ್ಟ.

ಓದಿದವರ ಕಥೆ ಇನ್ನೂ ಚೆಂದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಒಬ್ಬ ಪ್ರೊಫೆಸರು ಈ ವಿಷಯಕ್ಕೊಂದು ಗೈಡು ಬರೆದು, ನಾಲ್ಕನೆಯ ಲಕ್ಷಣಕ್ಕೆ ಒಂದೂವರೆ ಪುಟದ ವ್ಯಾಖ್ಯಾನ ಕೊಟ್ಟಿದ್ದರು: ತಂಪು ಎಂದರೆ ಶಾಂತಚಿತ್ತ, ಒಣ ಎಂದರೆ ನಿರ್ಲಿಪ್ತತೆ, ಜಾಗ ಎಂದರೆ ಮಾನವನ ಅಂತರಂಗ. ಅದರ ಮೇಲೆ ಯಾರೋ ಸಂಶೋಧನೆ ಮಾಡಿ ಡಾಕ್ಟರೂ ಆಗಿದ್ದರು. ಗೈಡು ಬಾಯಿಪಾಠ ಮಾಡಿದ ಸಾವಿರಾರು ಮಂದಿ ಪಾಸಾಗಿ, ಕೆಲವರು ಮೇಷ್ಟ್ರಾಗಿ, ಅದನ್ನೇ ಮುಂದಿನವರಿಗೆ ಬರೆಸುತ್ತಿದ್ದರು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ. ಇವರ ಹತ್ತಿರ ಆ ಒಕ್ಕಾಲೂ ಗೈಡಿನದೇ.

ದೊಡ್ಡಕ್ಕ ಗೈಡು ಕೊಂಡವಳಲ್ಲ. ಲೈಬ್ರರಿಯಲ್ಲಿ ಕೂತು ಇತಿಹಾಸ ಓದಿದವಳು. ತನಗೆ ತೋಚಿದ್ದನ್ನೇ ಬರೆದಿದ್ದಳು. ದುಡ್ಡು ಕೊಡುವವರ ವಾರ್ಡಿಗೆ ದಿನಾ ಒಗೆದ ಹಾಸುಬಟ್ಟೆ, ಧರ್ಮದ ವಾರ್ಡಿಗೆ ಮೂರು ದಿನಕ್ಕೊಂದು. ಹದಿನೈದು ವರ್ಷ ತಾನು ಅದನ್ನು ಮಳೆ ಬಿಸಿಲಿನ ಹಾಗೆ ತಾನಾಗಿ ಆಗುವ ಸಂಗತಿ ಅಂದುಕೊಂಡಿದ್ದೆ, ಓದಿದ ಮೇಲೆ ಇದನ್ನು ಯಾರೋ ಒಬ್ಬರು ಒಂದು ದಿನ ಕೂತು ತೀರ್ಮಾನಿಸಿದ್ದು ಅಂತ ಹೊಳೆಯಿತು, ಹಾಗೆ ಹೊಳೆಯುವುದೇ ಈ ಶಿಕ್ಷಣದ ಲಕ್ಷಣ ಎಂದಿದ್ದಳು. ಆ ಪುಟದ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ವಿಷಯಾಂತರ’ ಎಂದು ಬಿದ್ದಿತ್ತು.

ಅವಳು ಬಿಡಲಿಲ್ಲ. ದೂರು ಮೇಲಕ್ಕೆ ಹೋಗಿ, ಪರೀಕ್ಷಾ ಮಂಡಳಿಯ ಸಭೆ ಸೇರಿತು. ಗಾಜು ಹಾಸಿದ ಮೇಜು, ಬೀಗದ ಕೈ ಕಳೆದುಹೋಗಿ ವರ್ಷಗಳಾದ ಪುಸ್ತಕದ ಬೀರು, ಒಂದು ತಟ್ಟೆ ಬಿಸ್ಕತ್ತು. ನಡುವೆ ಮಂಡಳಿಯ ಅಧ್ಯಕ್ಷರು, ಬಲಕ್ಕೆ ಗೈಡಿನ ಪ್ರೊಫೆಸರು, ತುದಿಯಲ್ಲಿ ಅವಳ ಉತ್ತರಕ್ಕೆ ಅಂಕ ಹಾಕಿದ ಕಿರಿಯ ಮೇಷ್ಟ್ರು. ನೋಟ್ಸು ಬರೆಸುವುದು ಬಿಟ್ಟು ಬೇರೆ ಪಾಠ ಮಾಡಿ ಗೊತ್ತಿಲ್ಲದ ಅವನನ್ನು ಹುಡುಗರು ನೋಟ್ಸಪ್ಪ ಅನ್ನುತ್ತಿದ್ದರು. ದೊಡ್ಡಕ್ಕ ಔಷಧಿಯ ಬಾಟಲಿಯೊಂದನ್ನು ಕೈಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. ಮೂವರೂ ಓದಿದರು. ಗೈಡಿನ ಪ್ರೊಫೆಸರು ಬಿಸ್ಕತ್ತಿಗೆ ಕೈ ಹಾಕಿದರು.

ಅರ್ಧ ಗಂಟೆ ಚರ್ಚೆ ನಡೆಯಿತು. ಕೊನೆಗೆ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು.

“ನೋಡಮ್ಮ, ಇದು ತಪ್ಪು ಅಂತ ಒಪ್ಪಿದ್ರೆ ಹನ್ನೊಂದು ವರ್ಷದಿಂದ ಪಾಸಾದವರೆಲ್ಲ ತಪ್ಪು ಬರೆದು ಪಾಸಾದ್ರು ಅಂತಾಗುತ್ತೆ. ಅಷ್ಟೊಂದು ವಿದ್ಯಾವಂತರು ತಪ್ಪಾಗೋಕೆ ಸಾಧ್ಯ ಇಲ್ಲ. ಹಾಗಾಗಿ ಇದು ಸರಿ.”

ಆದರೆ ಅವರು ಕಲ್ಲು ಮನಸ್ಸಿನವರೇನಲ್ಲ. ವಯಸ್ಸಾದ ಹೆಂಗಸು, ಪಾಪ, ಎಂದು ದಾರಿಯೊಂದನ್ನು ಹುಡುಕಿಟ್ಟಿದ್ದರು. ಉತ್ತರಪತ್ರಿಕೆಯ ಕೊನೆಯಲ್ಲಿ ಖಾಲಿ ಜಾಗವಿದೆ, ನಾಲ್ಕನೆಯ ಲಕ್ಷಣವನ್ನು ಈಗಲೇ ಬರೆದುಬಿಡಲಿ, ಎರಡು ಅಂಕ ಹಾಕಿಬಿಡೋಣ, ಹೊರಗೆ ಯಾರಿಗೂ ಹೇಳುವುದು ಬೇಡ. ನೋಟ್ಸಪ್ಪ ಪೆನ್ನು ತೆಗೆದುಕೊಟ್ಟ.

ದೊಡ್ಡಕ್ಕ ಪೆನ್ನು ಹಿಡಿದಳು. ಆಸೆ ಯಾರನ್ನು ಬಿಟ್ಟಿದೆ? ಒಂದು ಸಾಲು ಗೀಚಿದರೆ ನಾಳೆಯಿಂದ ಬಟ್ಟೆ ಮಡಿಸುವ ಆ ಕೋಣೆ ಅವಳದು. ಇವರ ಮೇಲೆ ಹುಟ್ಟಿದ್ದ ಅಸಹ್ಯ ಮೆಲ್ಲಗೆ ತನ್ನ ಕಡೆಗೇ ತಿರುಗುತ್ತಿರುವುದು ಅವಳಿಗೆ ಗೊತ್ತಾಗುತ್ತಿತ್ತು. ತಲೆಯೆತ್ತಿ ನೋಟ್ಸಪ್ಪನನ್ನು, ನೀವು ಓದುವಾಗ ಇದನ್ನು ಬರೆದಿದ್ರಾ ಸಾರ್, ಬರೆಯುವಾಗ ಏನಂದುಕೊಂಡ್ರಿ ಎಂದು ಕೇಳಿದಳು. ಅವನು ಅಧ್ಯಕ್ಷರ ಮುಖ ನೋಡಿದ, ಬಾಟಲಿ ನೋಡಿದ.

“ಏನೂ ಅಂದುಕೊಳ್ಳಲಿಲ್ಲಮ್ಮ. ಪಾಸಾಗಬೇಕಿತ್ತು.”

ಆ ಕೋಣೆಯಲ್ಲಿ ಅಂದು ಹುಟ್ಟಿದ ನಿಜವಾದ ಮಾತು ಅದೊಂದೇ. ದೊಡ್ಡಕ್ಕ ಪೆನ್ನನ್ನು ಅವನ ಮುಂದಿಟ್ಟಳು.

“ಇವತ್ತು ನಾನು ಬರೆದ್ರೆ ನಾಳೆ ಆ ಹದಿನೆಂಟು ಜನಕ್ಕೂ ನಾನೇ ಬರೆಸಬೇಕಾಗುತ್ತೆ ಸಾರ್. ನನ್ನಿಂದಾಗಲ್ಲ.”

ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಹೆಂಗಸು ಎಂದು ಗೈಡಿನ ಪ್ರೊಫೆಸರು ಅವಳ ಬೆನ್ನಿಗೇ ಅಂದರು. ಅಧ್ಯಕ್ಷರು ಕಡತದಲ್ಲಿ, ಅಭ್ಯರ್ಥಿಗೆ ಉದಾರ ಮನೋಭಾವದ ಕೊರತೆಯಿದೆ ಎಂದು ಬರೆದು ರುಜು ಹಾಕಿದರು. ಸಂಜೆಯ ತರಗತಿಗೆ ಪದವಿ ಇರುವವರೇ ಬೇಕಲ್ಲ, ನೋಟ್ಸಪ್ಪನನ್ನೇ ನೇಮಿಸಿದರು. ಸುದ್ದಿ ಕೇಳಿದ ದಿನ ದೊಡ್ಡಕ್ಕ ಕುದಿಯುವ ತೊಟ್ಟಿಯ ಹಿಂದೆ ನಿಂತು, ಹಬೆಯಲ್ಲಿ ಯಾರಿಗೂ ಕಾಣದ ಹಾಗೆ ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಹೆಂಗಸರನ್ನೆಲ್ಲ ಕೂರಿಸಿಕೊಂಡು ಒಂದೆರಡು ಮಾತು ಹೇಳಿದಳು.

ಮೊದಲ ಸಂಜೆ ನೋಟ್ಸಪ್ಪ ಬಟ್ಟೆ ಮಡಿಸುವ ಕೋಣೆಗೆ ಬಂದಾಗ ಹದಿನೆಂಟರ ಜಾಗದಲ್ಲಿ ಹತ್ತೊಂಬತ್ತು ಜನ ಕೂತಿದ್ದರು. ದೊಡ್ಡಕ್ಕ ಮೊದಲನೆಯ ಸಾಲಿನಲ್ಲಿದ್ದಳು. ಅವನು ಅವಳ ಕಡೆ ನೋಡದೆ ಹಳೆಯ ನೋಟ್ಸು ಬಿಡಿಸಿ, ಬರೆದುಕೊಳ್ಳಿ, ಮೊದಲನೆಯ ಲಕ್ಷಣ, ಮನಸ್ಸನ್ನು ವಿಶಾಲಗೊಳಿಸುತ್ತದೆ ಎಂದ. ಒಂದು ಪೆನ್ನೂ ಅಲ್ಲಾಡಲಿಲ್ಲ. ದೊಡ್ಡಕ್ಕ ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಿಂದ ಇಸ್ತ್ರಿ ಹಾಕುವ ಮುದುಕಿ ಕೈಯೆತ್ತಿದಳು.

“ಬರ್ಕೋತೀವಿ ಸಾರ್. ಹೇಗೆ ವಿಶಾಲ ಆಗುತ್ತೆ, ಅದನ್ನ ಮೊದಲು ಹೇಳಿ. ನಿಮಗೆ ಹೇಗಾಯ್ತು?”

ನೋಟ್ಸಪ್ಪ ನೋಟ್ಸಿನ ಮುಂದಿನ ಪುಟ ತಿರುವಿ ನೋಡಿದ. ಅದರ ಹಿಂದಿನದನ್ನೂ ನೋಡಿದ. ಹತ್ತೊಂಬತ್ತು ಹೆಂಗಸರೂ ಅವಸರವಿಲ್ಲದೆ ಕಾಯುತ್ತಾ ಕೂತರು.