ಖಲ್ಫಾನರ ಮಾರ್ಟಿನಿ ಕೋವಿ

ಒಮಾನಿನ ಸೂರ್ ಪಟ್ಟಣದ ಖಲ್ಫಾನರ ಮನೆಯಲ್ಲಿ ಗಂಡಸರು ಕೂರುವ ಮಜ್ಲಿಸಿನ ಗೋಡೆ ತುಂಬ ಹಳೇ ಬ್ರಿಟಿಷ್ ಸೈನ್ಯದ ಕೋವಿಗಳು. ದೋಣಿ ವ್ಯಾಪಾರ ಮಕ್ಕಳಿಗೆ ಬಿಟ್ಟ ಮೇಲೆ ಆ ಮುದುಕರಿಗೆ ಇದೊಂದೇ ಹುಚ್ಚು. ಎಲ್ಲಕ್ಕೂ ಪರವಾನಗಿ ಮಾಡಿಸಿ, ಒಂದೊಂದನ್ನೂ ತಾವೇ ಒರೆಸಿ ತೂಗುಹಾಕಿದ್ದರು. ಹೋದ ತಿಂಗಳು ಹೊಸದಾಗಿ ಬಂದದ್ದು ನೂರಮೂವತ್ತು ವರ್ಷ ದಾಟಿದ ಒಂದು ಮಾರ್ಟಿನಿ-ಹೆನ್ರಿ. ಭುಜಕ್ಕೆ ಆನಿಸುವ ಅದರ ಮರ ಉದ್ದಕ್ಕೆ ಸೀಳಿತ್ತು.

ಅದನ್ನು ಸರಿಮಾಡಲು ಮಸ್ಕತ್‌ನ ಹಮ್ರಿಯಾದಿಂದ ಇಸ್ಮಾಯಿಲ್ ಬಂದಿದ್ದ. ಉಪ್ಪಿನಂಗಡಿಯವನು, ಇಪ್ಪತ್ತಾರು ವರ್ಷದಿಂದ ಒಮಾನಿನಲ್ಲಿ ಬಡಗಿ. ಈ ಮನೆಯ ಬಾಗಿಲು, ಕಪಾಟು ಎಲ್ಲ ಅವನ ಕೈಯವೇ. ಸೂರ್‌ನ ಸಮುದ್ರ ನೋಡಿದ ಹಾಗಾಯಿತು ಎಂದು ಹೆಂಡತಿ ಅಮೀನತ್ ಕೂಡ ಕಾರು ಹತ್ತಿದ್ದಳು. ಈಗ ಅವಳು ಗೋಡೆಯಾಚೆ ಖಲ್ಫಾನರ ಹೆಂಡತಿ, ಸೊಸೆಯರೊಂದಿಗೆ ಹಲ್ವ ತಿನ್ನುತ್ತ ಕೂತಿದ್ದಳು. ಅವರ ನಗು ಈಚೆಗೂ ಕೇಳುತ್ತಿತ್ತು.

"ಒಳಗೆ ಗುಂಡು ಎಂತ ಇಲ್ಲ ಅಲ್ಲವಾ, ಅರ್ಬಾಬ್?" ಎಂದು ಇಸ್ಮಾಯಿಲ್ ಧಣಿಯನ್ನು ಮೊದಲೇ ಕೇಳಿದ್ದ.

"ನನ್ನ ಅಜ್ಜನ ಕಾಲದ್ದು! ಇದರಲ್ಲಿ ಗುಂಡು ಎಲ್ಲಿಂದ ಬರಬೇಕು? ಯಲ್ಲಾ, ಕೆಲಸ ನೋಡು," ಎಂದು ಖಲ್ಫಾನ್ ನಕ್ಕು, ಫೋನ್ ಬಂತೆಂದು ಅಂಗಳಕ್ಕೆ ಹೋದರು.

ಇಸ್ಮಾಯಿಲ್ ಕೋವಿಯನ್ನು ಮೇಜಿಗೆ ಕಚ್ಚಿಸಿ ಬಿಗಿದ. ಬೆರಳಿಟ್ಟು ಒತ್ತುವ ಕುದುರೆಯ ಹಿಂದೆ ಕೆಳಗಿದ್ದ ಕಬ್ಬಿಣದ ಹಿಡಿ ತುಕ್ಕು ಹಿಡಿದಿತ್ತು. ಮರ ಬಿಚ್ಚುವ ಮೊದಲು ಒಳಗೊಮ್ಮೆ ನೋಡಿಬಿಡೋಣವೆಂದು ಎಣ್ಣೆ ಬಿಟ್ಟು, ಸ್ವಲ್ಪ ಹೊತ್ತು ಕಾದು, ಮೈಭಾರ ಹಾಕಿ ಎಳೆದ. ಟಕ್ ಎಂದಿತು. ಮೇಲಿನ ಕಬ್ಬಿಣದ ತುಂಡು ಅರ್ಧ ಬೆರಳಷ್ಟು ಕೆಳಗಿಳಿಯಿತು. ಸಂದಿನಲ್ಲಿ ಹಿತ್ತಾಳೆ ಕಂಡಿತು. ದುಂಡಗೆ, ಅಂಚಿನಲ್ಲಿ ಹಸಿರುಗಟ್ಟಿತ್ತು.

ತೋಟೆ.

ಅವನ ಕೈ ತಾನಾಗಿ ಸಡಿಲಿತು. ಹಿಡಿ ಪಟ್ಟನೆ ಮೇಲಕ್ಕೆ ಹೋಗಿ ಮುಚ್ಚಿಕೊಂಡಿತು. ಮತ್ತೆ ಎಳೆದರೆ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಬದಿಯಲ್ಲಿದ್ದ ಪುಟ್ಟ ಮುಳ್ಳು ತಿರುಗಿ ನಿಂತಿತ್ತು. ಅದು ಹಾಗೆ ನಿಂತರೆ ಕೋವಿ ಹೊಡೆಯಲು ತಯಾರು ಎಂದು ಬೆಳಿಗ್ಗೆ ಖಲ್ಫಾನರೇ ಹೆಮ್ಮೆಯಿಂದ ತೋರಿಸಿದ್ದರು.

ಆಗ ಅವನು ನಳಿಗೆ ಯಾವ ಕಡೆಗಿದೆ ಎಂದು ನೋಡಿದ. ನಗು ಕೇಳುತ್ತಿದ್ದ ಗೋಡೆಯ ಕಡೆಗೇ. ನಾಲ್ಕು ವರ್ಷದ ಹಿಂದೆ ಆ ಅಡ್ಡಗೋಡೆ ಹಾಕಿದವನು ಅವನೇ. ಎರಡು ಪ್ಲೈವುಡ್ ಹಲಗೆ, ನಡುವೆ ಬರೀ ಟೊಳ್ಳು.

ಕೂಗಿದರೆ ಅಮೀನತ್ ಏನೆಂದು ನೋಡಲು ಬಾಗಿಲು ತೆರೆದು ನಳಿಗೆಯ ಎದುರಿಗೇ ಬರುತ್ತಾಳೆ. ಬಿಗಿತ ಸಡಿಲಿಸಿದರೆ ಆ ಕುಲುಕಿಗೇ ಸಿಡಿದೀತು. ಸುಮ್ಮನೆ ಎದ್ದು ಹೋಗಿಬಿಡಲೇ ಎಂದೂ ಅನಿಸಿತು. ಹೊರದೇಶದವನ ಕೈಯಲ್ಲಿ ತುಂಬಿದ ಕೋವಿ ಎಂದರೆ ಪೊಲೀಸರು ಬಿಡುತ್ತಾರೆಯೇ, ವೀಸಾ ಕೊಟ್ಟ ಕಫೀಲ್ ಬಿಡುತ್ತಾನೆಯೇ?

ಅಷ್ಟರಲ್ಲಿ ಖಲ್ಫಾನ್ ಒಳಗೆ ಬಂದರು.

"ಅರ್ಬಾಬ್, ಒಳಗೆ ತೋಟೆ ಉಂಟು," ಎಂದ ಇಸ್ಮಾಯಿಲ್.

"ಹೆದರುಪುಕ್ಕ! ನೋಡು, ಖಾಲಿ," ಎನ್ನುತ್ತ ಮುದುಕರು ನೇರ ಕುದುರೆಗೆ ಬೆರಳು ಹಾಕಿದರು.

ಇಸ್ಮಾಯಿಲ್ ಯೋಚಿಸಲಿಲ್ಲ. ತನ್ನ ಕಿರುಬೆರಳನ್ನು ಕುದುರೆಯ ಹಿಂದಿನ ಸಂದಿಗೆ ತುರುಕಿದ. ಖಲ್ಫಾನ್ ಒತ್ತಿದರು. ಕಬ್ಬಿಣ ಅವನ ಉಗುರನ್ನು ಜಜ್ಜಿತು. ಕಣ್ಣಲ್ಲಿ ನೀರು ಬಂದರೂ ಅವನು ಬೆರಳು ತೆಗೆಯಲಿಲ್ಲ.

"ಅಲ್ಲಾಹುವಿನ ಮೇಲಾಣೆ, ನಾನೇ ಕಣ್ಣಾರೆ ನೋಡಿದೆ! ಆಚೆ ನಿಮ್ಮ ಮನೆಯವರಿದ್ದಾರೆ, ನನ್ನವಳಿದ್ದಾಳೆ!"

ಖಲ್ಫಾನರ ಕಣ್ಣು ಆ ಮುಳ್ಳಿನ ಮೇಲೆ ಬಿತ್ತು. ಮುಖದ ರಕ್ತ ಇಳಿದುಹೋಯಿತು. ಕೈಯನ್ನು ಮೆಲ್ಲ ಹಿಂದಕ್ಕೆ ತೆಗೆದು, "ಅಲ್ಲಾಡಬೇಡ, ಮಗನೇ," ಎಂದು ಪಿಸುಗುಟ್ಟಿ, ಅಂಗಳ ಸುತ್ತಿ ಹಿಂಬಾಗಿಲಿಗೆ ಓಡಿದರು.

ಇಸ್ಮಾಯಿಲ್ ಒಬ್ಬನೇ ಉಳಿದ. ಬೆವರು ಮೂಗಿನ ತುದಿಗೆ ಇಳಿದರೂ ಒರೆಸುವ ಧೈರ್ಯವಿಲ್ಲ. ಆಚೆ ಖಲ್ಫಾನರು ಏನೋ ಹೇಳಿದ್ದು, ಹೆಂಗಸರು ಗೊಣಗಿದ್ದು ಕೇಳಿಸಿತು. "ನನ್ನ ಚಪ್ಪಲಿ ಎಲ್ಲಿ?" ಎಂದು ಅಮೀನತ್ ಕೇಳಿದಳು. ಚಪ್ಪಲಿ ಬಿಡು ಮಾರಾಯ್ತಿ, ಹೋಗು, ಹೋಗು ಎಂದು ಅವನು ಒಳಗೊಳಗೇ ಬೇಡಿಕೊಂಡ. ಕೊನೆಗೆ ಆ ಕೋಣೆ ನಿಶ್ಶಬ್ದವಾಯಿತು.

ಆಮೇಲೆಯೇ ಅವನು ಕೂದಲೆಳೆಯಷ್ಟಷ್ಟೇ ಸರಿಸುತ್ತ ಬೆರಳು ಹೊರತೆಗೆದದ್ದು.

ಅಂಗಳದಲ್ಲಿ ಖಲ್ಫಾನ್ ಫೋನ್ ಹಿಡಿದು ನಿಂತಿದ್ದರು. "ಪೊಲೀಸರಿಗೆ ಹೇಳಿದರೆ ನಿನಗೆ ತೊಂದರೆಯಾದೀತಾ?"

"ಆಗಲಿ, ಹೇಳಿ. ಹಾಗೇ ಬಿಟ್ಟರೆ ಯಾರ ಜೀವವಾದರೂ ಹೋಗುತ್ತದೆ."

ಒಂದು ಗಂಟೆಯೊಳಗೆ ಆಯುಧ ಬಲ್ಲ ಪೊಲೀಸರು ಬಂದರು. ಒಬ್ಬ ಒಳಗೆ ಹೋಗಿ ಬಹಳ ಹೊತ್ತಿನ ಮೇಲೆ ಹೆಬ್ಬೆರಳು ಗಾತ್ರದ ತೋಟೆ ಹಿಡಿದು ಹೊರಬಂದ. "ಮದ್ದು ಇನ್ನೂ ಒಣಗಿಯೇ ಇರಬಹುದು, ಸಿಡಿಯುವ ಹಾಗಿತ್ತು. ಕೋವಿ ಬಿಚ್ಚಿದ್ದು ಯಾರು?"

ಇಸ್ಮಾಯಿಲ್ ಮುಂದೆ ಬಂದ. "ನಾನು."

"ನಾನು ಹೇಳಿದೆ, ಅವನು ಮಾಡಿದ," ಖಲ್ಫಾನ್ ಅಡ್ಡ ಬಂದರು. "ಕೇಳಿದ್ದ, ನಾನು ನೋಡದೇ ಖಾಲಿ ಅಂದೆ. ತಪ್ಪು ನನ್ನದು. ನನ್ನ ಹೆಸರು ಬರೆಯಿರಿ."

ಪೊಲೀಸರು ಹಾಗೆಯೇ ಬರೆದುಕೊಂಡರು. ಉಳಿದ ಕೋವಿಗಳನ್ನೂ ಪರೀಕ್ಷೆಗೆಂದು ಇಳಿಸಿ ಒಯ್ದರು.

ಕಡಲ ದಂಡೆಯಲ್ಲಿ ಕಾರು ನಿಲ್ಲಿಸಿ ಇಸ್ಮಾಯಿಲ್ ಎಲ್ಲ ಹೇಳಿದ. ಅಮೀನತ್ ಅವನ ಕಪ್ಪಾದ ಉಗುರಿಗೆ ಕರವಸ್ತ್ರ ಸುತ್ತುತ್ತಿದ್ದವಳು ನಿಲ್ಲಿಸಿದಳು.

"ನಾನು ಗೋಡೆಗೆ ಒರಗಿ ಕೂತಿದ್ದೆ," ಎಂದಳು.

ಇಸ್ಮಾಯಿಲ್ ಕರವಸ್ತ್ರದ ಗಂಟನ್ನು ತಾನೇ ಬಿಗಿದ. ಅವನು ಕೀ ತಿರುಗಿಸುವಾಗ ಇಳಿಹೊತ್ತಿನ ಅಸರ್ ಬಾಂಗು ಮುಗಿದಿತ್ತು.