ಆರಿಸುವ ಮೇಜಿನ ಇಬ್ಬರು

ನಮಿತಾಳಿಗೆ ಬೆಳಗಿನಿಂದ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಅಂಕೋಲೆಯ ಈ ಗೇರುಬೀಜ ಕಾರ್ಖಾನೆಗೆ ಸೂಪರ್‌ವೈಸರ್ ಆಗಿ ಬಂದವಳು ಈಗ ಇಬ್ಬರು ಹೆಂಗಸರ ನಡುವೆ ಮಾತಿನ ಟಪಾಲು ಹೊರುತ್ತಿದ್ದಾಳೆ. ಅಗಸೂರಿನ ಹೊನ್ನಮ್ಮ, ಕಾರವಾರದಿಂದ ಬಸ್ಸಿಗೆ ಬರುವ ವೈಜಯಂತಿ, ಒಂದೇ ಮೇಜಿನಲ್ಲಿ ಎದುರುಬದುರು ಕೂತು ಬೀಜ ಆರಿಸುವವರು. ವೈಜಯಂತಿ ತನ್ನ ಮಗಳ ಮದುವೆ ನಿಶ್ಚಯಕ್ಕೆ ಮನೆಗೆ ಬಂದು ಕರೆಯದೆ ಫೋನಿನಲ್ಲೇ ಹೇಳಿ ಮುಗಿಸಿದಳೆಂದು ಹೊನ್ನಮ್ಮ ಮಾತು ಬಿಟ್ಟಿದ್ದಳು. ಈ ಹಟದಲ್ಲಿ ನಿನ್ನೆ ಇಡಿಬೀಜದ ರಾಶಿಗೆ ಒಡೆದ ತುಂಡು ಬೆರೆತುಹೋಗಿತ್ತು. "ಮತ್ತೊಮ್ಮೆ ಹೀಗಾದ್ರೆ ಒಬ್ಬಳು ಮನೆಗೆ," ಎಂದು ಮಾಲೀಕ ರಾಮನಾಥ ಗುಡುಗಿದ್ದ.

ಕೆಲಸ ಹೋಗುವುದಕ್ಕಿಂತ ಬೇರೆ ಕೂರುವುದು ವಾಸಿಯೆಂದು ನಮಿತಾ ಇಂದು ಹೊನ್ನಮ್ಮನನ್ನು ಹಿಂದಿನ ಸಿಪ್ಪೆ ಸುಲಿಯುವ ಶೆಡ್ಡಿಗೆ ಕಳಿಸಿದಳು. ಹೊನ್ನಮ್ಮ ತನ್ನ ಚೀಲ ಎತ್ತಿಕೊಂಡು ಎದ್ದು ಹೋದಳು. ಬೈದಿದ್ದರೆ ಚೆನ್ನಾಗಿತ್ತು. ನಮಿತಾ ಎರಡು ಸಲ ಶೆಡ್ಡಿನವರೆಗೆ ಹೋಗಿ, ಒಳಗೆ ಹೋಗುವ ಧೈರ್ಯವಾಗದೆ ಮರಳಿದಳು.

ಮಧ್ಯಾಹ್ನ, ಹೆಂಗಸರ ಡಬ್ಬಿಯ ಮೀನಿನ ವಾಸನೆ ತನಗೆ ಆಗದೆಂದು ದಿನದಂತೆ ಆಫೀಸು ಕೋಣೆಗೆ ಉಣ್ಣಲು ಹೊರಟ ನಮಿತಾಳನ್ನು ವೈಜಯಂತಿ ತಡೆದಳು.

"ಅಕ್ಕೋರೇ, ನನ್ನ ಊಟ ಎಲ್ಲಿ?"

"ಡಬ್ಬಿ ಕೈಯಲ್ಲೇ ಉಂಟಲ್ಲ!"

"ಇದು ಹೊನ್ನಮ್ಮನಿಗೆ ಮಾಡಿದ್ದು. ನಂಗೆ ಅವಳು ತರೂದು."

"ನಿಮ್ಮಲ್ಲಿ ಮಾತೇ ಇಲ್ಲವಲ್ಲ?"

"ಮಾತು ಬಿಟ್ಟದ್ದು. ಊಟ ಎಂತಕ್ಕೆ ಬಿಡೂದು?"

ನಮಿತಾಳಿಗೆ ನಾಚಿಕೆಯಾಯಿತು. ಒಂದು ದಿನವಾದರೂ ಇವರ ಜೊತೆ ಕೂತು ಉಂಡಿದ್ದರೆ ತಿಳಿಯುತ್ತಿತ್ತು. ಅವಳು ಶೆಡ್ಡಿಗೆ ಓಡಿದಳು. ಹೊನ್ನಮ್ಮ ಆಗಲೇ ಚೀಲ ಹೆಗಲಿಗೇರಿಸಿದ್ದಳು.

"ನಾಳೆಯಿಂದ ನಾ ಬರೂದಿಲ್ಲ. ತಪ್ಪು ಅವಳದ್ದು, ಮೇಜು ಬಿಡೂದು ನಾನಾ?"

ಅಷ್ಟರಲ್ಲಿ ವೈಜಯಂತಿ ಏದುಸಿರು ಬಿಡುತ್ತ ಶೆಡ್ಡಿನ ಬಾಗಿಲಿಗೆ ಬಂದು ನಿಂತಳು.

"ಹೊನ್ನಮ್ಮ, ಊಟಕ್ಕೆ ಬಾ."

ಹೊನ್ನಮ್ಮ ತಿರುಗಿ ನೋಡಲಿಲ್ಲ.

"ಮದುವೆಗೆ ನಿನ್ನ ಮನೆಗೇ ಬರ್ತೆ ಕರೂಕೆ. ಈಗ ಬಾ, ಹಸಿವಾಗ್ತದೆ."

ಹೊನ್ನಮ್ಮ ಚೀಲ ಹೆಗಲಿಂದ ಇಳಿಸಿದಳು. ಅದರಿಂದ ಡಬ್ಬಿ ತೆಗೆದು ವೈಜಯಂತಿಯ ಕೈಗಿಟ್ಟಳು.

"ಬಂದು ಕರೂಕೆ ಇವತ್ತು ದಾರಿ ಸಿಕ್ತಾ?"

ಇಬ್ಬರೂ ಮೇಜಿನತ್ತ ನಡೆದರು. ಮನಸ್ಸು ಹಗುರಾದ ನಮಿತಾ ತನ್ನ ಆಫೀಸು ಕೋಣೆಯ ಕಡೆ ತಿರುಗಿದಳು.

"ಅಕ್ಕೋರೇ," ಹೊನ್ನಮ್ಮ ಹಿಂದಿನಿಂದ ಕೂಗಿದಳು, "ನಿಮ್ಮನ್ನೂ ಬಾಗಿಲಿಗೆ ಬಂದು ಕರೀಬೇಕಾ?"